ಇನ್ನೂರು ಡಾಲರಿನ ಪಿಸ್ತೂಲು

ಒಹಾಯೊದಲ್ಲಿ ಅಗ್ಗದ ಪಿಸ್ತೂಲಿನ ಮಾತು ಬಂತೆಂದರೆ ಹೈ-ಪಾಯಿಂಟ್ ಹೆಸರು ಬರದೆ ಇರುವುದಿಲ್ಲ. ನಾವಿರುವ ಕೊಲಂಬಸ್ಸಿನಿಂದ ಈಶಾನ್ಯಕ್ಕೆ ಒಂದು ಗಂಟೆಯ ದಾರಿ ಹೋದರೆ ಮ್ಯಾನ್ಸ್‌ಫೀಲ್ಡ್ ಅಂತ ಹಳೆಯ ಕಾರ್ಖಾನೆಗಳ ಊರು. ಹೈ-ಪಾಯಿಂಟ್ ತಯಾರಾಗೋದು ಅಲ್ಲೇ. ಒಂಬತ್ತು ಮಿಲಿಮೀಟರಿನ ಮಾದರಿಗೆ ಸಿ9 ಅಂತ ಹೆಸರು. ಬೆಲೆ ಇನ್ನೂರು ಡಾಲರಿನ ಆಸುಪಾಸು. ಅದೇ ಅಂಗಡಿಯ ಅದೇ ಗಾಜಿನ ಪೆಟ್ಟಿಗೆಯಲ್ಲಿ ಪಕ್ಕದಲ್ಲೇ ಮಲಗಿರುವ ಗ್ಲಾಕ್ ಬೇಕೆಂದರೆ ಐನೂರರ ಮೇಲೆ ತೆರಬೇಕು.

ಮಾತು ಎತ್ತಿದವನು ಶಂಕರ. ಹಾಸನದ ಕಡೆಯವನು, ಹೆದ್ದಾರಿ ಪಕ್ಕದ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಎಚ್-1ಬಿ ಮೇಲೆ ಬಂದ ನಮ್ಮ ಸಾಫ್ಟ್‌ವೇರ್ ಹುಡುಗರಿಗೆ ಈ ಯೋಚನೆಯೇ ಬರೋದಿಲ್ಲ. ಆ ಥರದ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳಬಾರದು ಅಂತ ಇಲ್ಲಿನ ಕೇಂದ್ರ ಕಾನೂನೇ ಹೇಳುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ, ಹಾಗೆ ಇನ್ನೊಂದೆರಡು ಸಂದರ್ಭಕ್ಕೆ ಬಿಟ್ಟರೆ ವಿನಾಯಿತಿ ಇಲ್ಲ. ಶಂಕರನಿಗೆ ಗ್ರೀನ್ ಕಾರ್ಡ್ ಬಂದಿದೆ. ಹಾಗಾಗಿ ನಮ್ಮ ಹಿತ್ತಲಿಗೆ ಬಂದು ನಿಂತು, "ಅಣ್ಣ, ಹೈ-ಪಾಯಿಂಟ್ ತಗೊಂಡ್ರೆ ಹೆಂಗೆ? ಜಾಸ್ತಿ ದುಡ್ಡು ಹಾಕೋ ಶಕ್ತಿ ನನಗಿಲ್ಲ" ಅಂದ.

ಅಂಥ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ಇರೋದು ಬೇಲಿಯಾಚೆಯ ರಾನ್ ಅವರಿಗೆ. ದುಡಿದ ಕಾಲವೆಲ್ಲ ಎರಕದ ಕಾರ್ಖಾನೆಯಲ್ಲೇ ಕಳೆದು ನಿವೃತ್ತರಾದವರು. ಲೋಹದ ಮಾತು ಸಿಕ್ಕಿದರೆ ಊಟ ಮರೆಯುತ್ತಾರೆ. ಕರೆದೆವು. ಬೇಲಿಗೆ ಮೊಣಕೈ ಊರಿ ನಿಂತರು. ಅವರ ಹತ್ತಿರವೂ ಒಂದು ಸಿ9 ಇದೆ.

"ಬೆಲೆ ಎಲ್ಲಿ ಉಳಿಸಿದ್ದಾರೆ ಅನ್ನೋದನ್ನ ಮೊದಲು ನೋಡಬೇಕಪ್ಪ" ಅಂತ ಶುರುಮಾಡಿದರು. ಪಿಸ್ತೂಲಿನಲ್ಲಿ ಗುಂಡು ಹಾರಿದಾಗ ಮೇಲಿನ ಸ್ಲೈಡ್ ಹಿಂದಕ್ಕೆ ಜಾರಿ, ಖಾಲಿ ತೋಟೆಯನ್ನು ಹೊರಗೆ ಎಸೆದು, ಮುಂದಿನದನ್ನು ನಳಿಗೆಯೊಳಕ್ಕೆ ತಳ್ಳುತ್ತದೆ. ದುಬಾರಿ ಒಂಬತ್ತು ಮಿಲಿಮೀಟರಿನವುಗಳಲ್ಲಿ ಒತ್ತಡ ಇಳಿಯುವ ತನಕ ನಳಿಗೆ ಮತ್ತು ಸ್ಲೈಡ್ ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಆ ಕಚ್ಚುವ ಭಾಗವನ್ನು ಉಕ್ಕಿನಲ್ಲಿ ಕೊರೆದು ತೆಗೆಯೋದಕ್ಕೆ ಯಂತ್ರ ಬೇಕು, ಸಮಯ ಬೇಕು, ದುಡ್ಡು ಬೇಕು. ಹೈ-ಪಾಯಿಂಟಿನಲ್ಲಿ ಅದು ಇಲ್ಲವೇ ಇಲ್ಲ. ಅಗುಳಿ ಇಲ್ಲದ ಬಾಗಿಲಿಗೆ ಹಿಂದಿನಿಂದ ಬೀಸುವ ಕಲ್ಲು ಒರಗಿಸಿಟ್ಟ ಹಾಗೆ, ಹೆಚ್ಚಾಗಿ ಸ್ಲೈಡಿನ ಭಾರವೇ ಆ ಒತ್ತಡವನ್ನು ತಡೆಯುತ್ತದೆ. ಅದಕ್ಕೇ ಸ್ಲೈಡು ಅಷ್ಟು ದಪ್ಪ. ಎಂಟು ಗುಂಡಿನ ಈ ಪಿಸ್ತೂಲು ಖಾಲಿಯಿದ್ದಾಗಲೇ ಎಂಟುನೂರು ಗ್ರಾಂ ದಾಟುತ್ತದೆ. ನಳಿಗೆ ಉಕ್ಕಿನದು. ಸ್ಲೈಡು ಮಾತ್ರ ಜಮಾಕ್, ಅಂದರೆ ಸತುವಿಗೆ ಅಲ್ಯುಮಿನಿಯಂ ಬೆರೆಸಿದ ಮಿಶ್ರಲೋಹ. ಅಚ್ಚಿಗೆ ಹೊಯ್ದರೆ ಮುಗಿಯಿತು.

"ಸತುವನ್ನ ಜನ ಆಡಿಕೊಳ್ತಾರೆ. ಎರಕದವನಿಗೆ ಗೊತ್ತು, ಸತು ಕೆಟ್ಟದ್ದಲ್ಲ. ಎಷ್ಟು ದಪ್ಪ ಹೊಯ್ದಿದ್ದಾನೆ, ಎಲ್ಲಿ ಹಾಕಿದ್ದಾನೆ ಅನ್ನೋದು ಮುಖ್ಯ" ಅಂದರು ರಾನ್. ಅವರ ಮಾತನ್ನು ನಾನು ಒಪ್ಪುತ್ತೇನೆ. ಇಲಿನಾಯ್ ರಾಜ್ಯದ ಕಾನೂನು ಒಪ್ಪುವುದಿಲ್ಲ. ಅಲ್ಲಿ 800 ಡಿಗ್ರಿ ಫ್ಯಾರನ್‌ಹೀಟಿಗಿಂತ ಕಡಿಮೆ ಶಾಖದಲ್ಲಿ ಕರಗುವ ಸತುವಿನ ಎರಕದಿಂದ ಮಾಡಿದ ಕೈಬಂದೂಕನ್ನು ವ್ಯಾಪಾರಿ ಮಾರುವಂತಿಲ್ಲ. ಜಮಾಕ್ ಅದಕ್ಕಿಂತ ಮೊದಲೇ ಕರಗುತ್ತದೆ. ಕರಗುವ ಶಾಖಕ್ಕೂ ಪಿಸ್ತೂಲು ಸಮಯಕ್ಕೆ ಸರಿಯಾಗಿ ಹಾರುವುದಕ್ಕೂ ನೇರ ಸಂಬಂಧ ಇಲ್ಲ. ಆದರೂ ಆ ಕಾನೂನು ಮಾಡಿದವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಯಾಕೆಂದರೆ ಅವರು ಕಂಡಿದ್ದ ಅಗ್ಗದ ಪಿಸ್ತೂಲುಗಳು ಬೇರೆ.

ಆ ಕಥೆ ಕ್ಯಾಲಿಫೋರ್ನಿಯಾದ್ದು. 1968ರ ಬಂದೂಕು ನಿಯಂತ್ರಣ ಕಾನೂನು ಹೊರದೇಶಗಳ ಸಣ್ಣ ಅಗ್ಗದ ಪಿಸ್ತೂಲುಗಳ ಆಮದಿಗೆ ತಡೆ ಹಾಕಿತು. ಒಳಗೇ ತಯಾರಿಸೋದಕ್ಕೆ ತಡೆ ಇರಲಿಲ್ಲ. ಜಾರ್ಜ್ ಜೆನಿಂಗ್ಸ್ ಎಂಬುವರು 1970ರಲ್ಲಿ ರೇವನ್ ಆರ್ಮ್ಸ್ ಶುರುಮಾಡಿದರು. ಆಮೇಲೆ ಅವರ ಮಗ, ಅಳಿಯ, ಪರಿಚಯದವರು ಅಂತ ಲಾಸ್ ಏಂಜಲಿಸ್ ಸುತ್ತಮುತ್ತ ಒಂದೊಂದು ಕಾರ್ಖಾನೆ ಎದ್ದಿತು: ಜೆನಿಂಗ್ಸ್, ಬ್ರೈಕೊ, ಡೇವಿಸ್, ಲಾರ್ಸಿನ್. ಈ ಗುಂಪಿಗೆ 'ಬೆಂಕಿಯ ಬಳೆ' ಅಂತ ಹೆಸರೇ ಬಿತ್ತು. ಇವೂ ಸತುವಿನ ಎರಕದವೇ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕವು, ನೂರು ಡಾಲರಿನೊಳಗೂ ಸಿಗುತ್ತಿದ್ದವು.

ಅದರಲ್ಲಿ ಬ್ರೈಕೊದ ಒಂದು ಪ್ರಕರಣ ನೆನಪಾದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 1994ರಲ್ಲಿ ಮನೆಯ ಪರಿಚಯದ ಯುವಕನೊಬ್ಬ ಪಿಸ್ತೂಲನ್ನು ಖಾಲಿ ಮಾಡಲು ಹೋದ. ಆ ಮಾದರಿಯಲ್ಲಿ ಸೇಫ್ಟಿ ಹಾಕಿದ್ದರೆ ಸ್ಲೈಡು ಹಿಂದಕ್ಕೆ ಬರುವುದೇ ಇಲ್ಲ. ಒಳಗಿನ ಗುಂಡು ತೆಗೆಯಬೇಕಾದರೆ ಮೊದಲು ಸೇಫ್ಟಿ ತೆಗೆಯಬೇಕು! ತೆಗೆದ. ಗುಂಡು ಹಾರಿತು. ಎದುರಿಗಿದ್ದ ಏಳು ವರ್ಷದ ಹುಡುಗನಿಗೆ ತಗುಲಿ, ಕತ್ತಿನಿಂದ ಕೆಳಗೆ ಸ್ವಾಧೀನವೇ ಹೋಯಿತು. 2003ರಲ್ಲಿ ಓಕ್ಲೆಂಡಿನ ಜ್ಯೂರಿ ಆ ವಿನ್ಯಾಸವೇ ದೋಷದ್ದೆಂದು ತೀರ್ಮಾನಿಸಿ, ಕೋಟಿಗಟ್ಟಲೆ ಡಾಲರಿನ ಪರಿಹಾರ ಲೆಕ್ಕ ಹಾಕಿತು. ಕಂಪನಿ ದಿವಾಳಿ ಅರ್ಜಿ ಹಾಕಿತು. ಕಾರ್ಖಾನೆ ಹರಾಜಿಗೆ ಬಂದಾಗ, ಆಗ ಹದಿಹರೆಯಕ್ಕೆ ಬಂದಿದ್ದ ಆ ಹುಡುಗನ ಕಡೆಯವರು ಚಂದಾ ಎತ್ತಿ ಬಿಡ್ಡು ಕೂಗಿದರು. ಉಳಿದ ಪಿಸ್ತೂಲುಗಳನ್ನೆಲ್ಲ ಕೊಂಡು ಕರಗಿಸಬೇಕೆಂಬುದು ಅವನ ಆಸೆ. ಆಗಲಿಲ್ಲ. ಅಲ್ಲಿ ಮೇಸ್ತ್ರಿಯಾಗಿದ್ದವರೇ ಐದು ಲಕ್ಷ ಡಾಲರಿಗೂ ಮೇಲೆ ಕೂಗಿ ಕೊಂಡು, ಬೇರೆ ಹೆಸರಿನಲ್ಲಿ ಕಾರ್ಖಾನೆ ನಡೆಸಿದರು.

ಶಂಕರ ಸುಮ್ಮನೆ ಕೇಳುತ್ತಿದ್ದ. ಅವನ ಮಗಳಿಗೆ ಆರು ವರ್ಷ.

ಇದನ್ನು ಅವನಿಗೆ ಹೇಳಿದ್ದು ಹೆದರಿಸೋದಕ್ಕಲ್ಲ. ಅಗ್ಗ ಅನ್ನೋದರಲ್ಲಿ ಎರಡು ಜಾತಿ ಇದೆ ಅಂತ ತೋರಿಸೋದಕ್ಕೆ. ಅಂದ, ನುಣುಪು, ಹಗುರ ಇವನ್ನೆಲ್ಲ ಬಿಟ್ಟು ಬೆಲೆ ಇಳಿಸಿದ್ದು ಒಂದು. ಕೈಯಲ್ಲಿ ಹಿಡಿದವನ ಮತ್ತು ಎದುರಿಗೆ ಕೂತವನ ಜೀವದಲ್ಲಿ ಉಳಿತಾಯ ಮಾಡಿದ್ದು ಇನ್ನೊಂದು. ಹೈ-ಪಾಯಿಂಟ್ ಮೊದಲನೆಯದಕ್ಕೆ ಸೇರಿದ್ದು ಅನ್ನೋದು ರಾನ್ ಅವರ ಅಭಿಪ್ರಾಯ, ನನ್ನದೂ ಹೌದು. ಸೊಂಟಕ್ಕೆ ಸಿಕ್ಕಿಸಿದರೆ ಪ್ಯಾಂಟೇ ಜಾರುವಷ್ಟು ಭಾರ, ಹಿಡಿಯೋದಕ್ಕೆ ಒರಟು. ಬಿಚ್ಚಿ ಒರೆಸಬೇಕಾದರೆ ಸುತ್ತಿಗೆ ಹಿಡಿದು ಒಂದು ಪಿನ್ನು ಹೊಡೆದು ತೆಗೆಯಬೇಕು. ಆದರೆ ನಳಿಗೆ ಅಲುಗಾಡದಂತೆ ಕೂತಿರುವುದರಿಂದ ಗುರಿ ಚೆನ್ನಾಗಿ ಕೂರುತ್ತದೆ. ತೋಟೆ ತುಂಬಿದ ಮ್ಯಾಗಜಿನ್ ತೆಗೆದರೆ ಹಾರುವುದಿಲ್ಲ. ಮತ್ತೆ ವಾರಂಟಿ ಅನ್ನೋದು ಪಿಸ್ತೂಲಿಗೇ ಹೊರತು ಕೊಂಡವನಿಗಲ್ಲ: ಹತ್ತು ಕೈ ದಾಟಿ ಬಂದಿದ್ದರೂ ಕೆಟ್ಟರೆ ಮ್ಯಾನ್ಸ್‌ಫೀಲ್ಡಿಗೆ ಕಳಿಸಿದರೆ ಸರಿ ಮಾಡಿ ಕೊಡುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವ ಬಡವನನ್ನು ನೆನಪಿಟ್ಟುಕೊಂಡು ಮಾಡಿದ ಈ ನಿಯಮದ ಬಗ್ಗೆ ನನಗೆ ನಿಜವಾದ ಗೌರವ ಇದೆ.

"ಸಿಕ್ಕಿಹಾಕಿಕೊಳ್ಳುತ್ತೆ ಅಂತಾರಲ್ಲ ಅಂಕಲ್?" ಅಂದ ಶಂಕರ.

ಇದರ ದೂರುಗಳಲ್ಲಿ ಹೆಚ್ಚಿನವು ಬಂದು ನಿಲ್ಲೋದು ಮ್ಯಾಗಜಿನ್ ಹತ್ತಿರ. ಅದರ ಮೇಲ್ತುದಿಯ ತಗಡಿನ ಎರಡು ತುಟಿ ಒಂದಿಷ್ಟು ಅಗಲವಾಗಿದ್ದರೂ, ಕಿರಿದಾಗಿದ್ದರೂ ತೋಟೆ ಓರೆಯಾಗಿ ಎದ್ದು ನಳಿಗೆಯ ಬಾಯಿಗೆ ಮೂತಿ ತಗುಲಿ ನಿಂತುಬಿಡುತ್ತದೆ. ಇಕ್ಕಳ ಹಿಡಿದು ತುಟಿ ಬಗ್ಗಿಸಿ ಸರಿಮಾಡಿಕೊಂಡೆವು ಅನ್ನುವ ಮಾಲೀಕರು ಬೇಕಾದಷ್ಟಿದ್ದಾರೆ. ಮೂತಿ ತಗ್ಗಾದ, ಮುಂದೆ ತೂತಿರುವ ಗುಂಡುಗಳಿಗಿಂತ ದುಂಡು ಮೂತಿಯ ಮಾಮೂಲಿ ಗುಂಡು ಇದರಲ್ಲಿ ಸಲೀಸು ಅಂತಾನೂ ಹೇಳುತ್ತಾರೆ. ಹೊಸದರಲ್ಲಿ ನೂರಿನ್ನೂರು ಗುಂಡು ಹಾರಿಸಿದ ಮೇಲೆ ಪಳಗುತ್ತದೆ ಅನ್ನೋದೂ ಸಾಮಾನ್ಯ ಮಾತು.

ಇಲ್ಲಿ ನನಗೆ ಒಂದು ವಿಷಯ ಬಹಳ ಚುಚ್ಚುತ್ತದೆ. ಅಮೆರಿಕದಲ್ಲಿ ಮಗುವಿನ ತೊಟ್ಟಿಲು, ಬ್ರೆಡ್ಡು ಸುಡುವ ಟೋಸ್ಟರು, ಆಟಿಕೆ ಇವನ್ನೆಲ್ಲ ಗ್ರಾಹಕ ಸುರಕ್ಷತಾ ಆಯೋಗ ನೋಡಿಕೊಳ್ಳುತ್ತದೆ. ತಪ್ಪಿದ್ದರೆ ಮಾರುಕಟ್ಟೆಯಿಂದಲೇ ವಾಪಸ್ ತರಿಸುತ್ತದೆ. ಆಯೋಗವನ್ನು ಹುಟ್ಟಿಸಿದ 1972ರ ಕಾನೂನಿನಲ್ಲೇ ಬಂದೂಕನ್ನು ಅದರ ಕೈಯಿಂದ ಹೊರಗಿಟ್ಟಿದ್ದಾರೆ. ಕ್ಯಾಲಿಫೋರ್ನಿಯಾದಂಥ ಕೆಲವು ರಾಜ್ಯಗಳು ತಾವೇ ಪರೀಕ್ಷೆ ಇಟ್ಟುಕೊಂಡಿವೆ. ಅಲ್ಲಿ ಒಂದು ಮಾದರಿಯ ಮೂರು ಪಿಸ್ತೂಲು ತಂದು ಒಂದೊಂದರಲ್ಲೂ 600 ಗುಂಡು ಹಾರಿಸುತ್ತಾರೆ. ಮೊದಲ ಇಪ್ಪತ್ತರಲ್ಲಿ ಒಂದು ಸಲವೂ ತಡೆಯಬಾರದು, ಒಟ್ಟು ಆರು ಸಲಕ್ಕಿಂತ ಹೆಚ್ಚು ಕೈಕೊಡಬಾರದು. ಮೀಟರಿನಷ್ಟು ಎತ್ತರದಿಂದ ಕಾಂಕ್ರೀಟಿನ ಮೇಲೆ ಬೀಳಿಸಿದಾಗ ಹಾರಬಾರದು. ಎಷ್ಟು ಸರಳವಾದ, ನ್ಯಾಯವಾದ ಪರೀಕ್ಷೆ! ದೇಶಕ್ಕೆಲ್ಲ ಇದೊಂದು ಇದ್ದಿದ್ದರೆ ಶಂಕರ ಬೇಲಿ ಹತ್ತಿರ ಬಂದು ನಿಂತು ನಮ್ಮನ್ನು ಕೇಳಬೇಕಾಗಿರಲಿಲ್ಲ. ಇಲ್ಲದ್ದರಿಂದಲೇ, ಕೊಂಡವರು ಕೊಳ್ಳುವವರಿಗೆ ಹೇಳುವ ಮಾತಿಗೆ ಇಷ್ಟು ತೂಕ.

ಬೆಲೆ ಹೆಚ್ಚಾದರೆ ಈ ಚಿಂತೆ ತಪ್ಪುತ್ತದೆಯೇ ಅಂದರೆ ಅದೂ ಇಲ್ಲ. ಹೈ-ಪಾಯಿಂಟಿಗಿಂತ ಒಂದು ಮೆಟ್ಟಿಲು ಮೇಲಿನದು ಬ್ರೆಜಿಲ್ಲಿನ ಟಾರಸ್. ಅಯೋವಾದಲ್ಲಿ ಶೆರಿಫ್ ಕಚೇರಿಯ ಅಧಿಕಾರಿಯೊಬ್ಬರು ಓಡುವವನ ಬೆನ್ನಟ್ಟಿದಾಗ ಅವರ ಟಾರಸ್ ಕೆಳಗೆ ಬಿದ್ದು ತಾನಾಗಿ ಹಾರಿತು. ಅವರು ಹೂಡಿದ ದಾವೆ 2015ರಲ್ಲಿ ರಾಜಿಗೆ ಬಂದಾಗ ಒಂಬತ್ತು ಮಾದರಿಗಳು, ಹತ್ತು ಲಕ್ಷದ ಹತ್ತಿರ ಪಿಸ್ತೂಲುಗಳು ಅದರ ವ್ಯಾಪ್ತಿಗೆ ಬಂದವು. ಕಂಪನಿ ದೋಷ ಒಪ್ಪಿಕೊಳ್ಳಲಿಲ್ಲ, ಆದರೆ ವಾಪಸ್ ತೆಗೆದುಕೊಳ್ಳಲು ಒಪ್ಪಿತು.

ಇನ್ನು ದುಡ್ಡಿನ ಲೆಕ್ಕ. ಶಂಕರ ಇನ್ನೂರು ಡಾಲರು ಜೋಡಿಸಿಕೊಂಡಿದ್ದಾನೆ. ಪಳಗಿಸೋದಕ್ಕೆ, ಕೈಗೆ ಅಭ್ಯಾಸ ಆಗೋದಕ್ಕೆ ಐನೂರು ಗುಂಡಾದರೂ ಬೇಕು. ಒಂದಕ್ಕೆ ಇಪ್ಪತ್ತೈದು, ಮೂವತ್ತು ಸೆಂಟು ಹಿಡಿದರೂ ನೂರೈವತ್ತು ಡಾಲರಿನ ಹತ್ತಿರ ಬರುತ್ತದೆ. ಗುಂಡು ಹಾರಿಸುವ ರೇಂಜಿನ ಶುಲ್ಕ ಬೇರೆ. ಪಿಸ್ತೂಲಿನ ಬೆಲೆಯಷ್ಟನ್ನೇ ಅದರ ಮೇಲೆ ಮತ್ತೆ ಸುರಿಯಬೇಕು. ಅಗ್ಗದ್ದು ಕೊಳ್ಳುವವರಲ್ಲಿ ಎಷ್ಟೋ ಜನ ಇಲ್ಲೇ ನಿಂತುಬಿಡುತ್ತಾರೆ. ಒಂದು ಡಬ್ಬ ಗುಂಡು ತಂದು, ಎಂಟು ತುಂಬಿ, ಕಪಾಟಿನಲ್ಲಿಟ್ಟು, ಇದೆ ಅನ್ನುವ ಧೈರ್ಯದ ಮೇಲೆ ಬದುಕುತ್ತಾರೆ. ಅದು ಹಾರುತ್ತದೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಹಣವಿದ್ದವನು ಮೂರು ಪಿಸ್ತೂಲು ಇಟ್ಟುಕೊಂಡು, ವಾರವಾರವೂ ಅಭ್ಯಾಸ ಮಾಡಿ, ಒಂದು ಕೆಟ್ಟರೆ ಇನ್ನೊಂದು ತೆಗೆಯುತ್ತಾನೆ. ಒಂದೇ ಇರುವವನಿಗೆ ಅದೇ ಸರಿಯಾಗಿರಬೇಕು. ಹಾಗಾಗಿ ಅಗ್ಗದ ಪಿಸ್ತೂಲೇ ಎಲ್ಲಕ್ಕಿಂತ ನಂಬಿಕಸ್ತವಾಗಿರಬೇಕಾದದ್ದು ನ್ಯಾಯ ಅಂತ ನನಗೆ ಅನಿಸುತ್ತದೆ.

ನಮ್ಮ ಊರಿನ ಕಡೆ ಹೇಗೆ ಅಂತ ರಾನ್ ಕೇಳಿದರು. ಮಲೆನಾಡಿನ ತೋಟದ ಮನೆಗಳಲ್ಲಿ ಹಂದಿ, ಮಂಗನ ಕಾಟಕ್ಕೆ ಲೈಸೆನ್ಸಿನ ಕೋವಿ ಇರುತ್ತದೆ, ಚುನಾವಣೆ ಬಂತೆಂದರೆ ಪೊಲೀಸ್ ಠಾಣೆಗೆ ಒಯ್ದು ಒಪ್ಪಿಸಿ ರಸೀದಿ ತರಬೇಕು ಅಂದೆ. ಅವರಿಗೆ ಅದು ನಂಬಲಾಗಲಿಲ್ಲ. ಇಲ್ಲಿ ಅಂಗಡಿಯಲ್ಲಿ ಒಂದು ಫಾರಂ ತುಂಬಿ, ಹಿನ್ನೆಲೆ ಪರಿಶೀಲನೆ ಮುಗಿದರೆ ಅದೇ ದಿನ ಕೈಗೆ ಬರುತ್ತದೆ. 2022ರಿಂದ ಒಹಾಯೊದಲ್ಲಿ ಇಪ್ಪತ್ತೊಂದು ತುಂಬಿದವರು ಪರವಾನಗಿಯಿಲ್ಲದೆಯೂ ಮರೆಯಲ್ಲಿ ಇಟ್ಟುಕೊಂಡು ಓಡಾಡಬಹುದು. ಇಷ್ಟು ಸಲೀಸಾದ ಕಡೆ ಎಚ್ಚರ ಕೊಂಡವನ ತಲೆಯಲ್ಲೇ ಇರಬೇಕಾಗುತ್ತದೆ.

"ನಿನ್ನ ಅಂಗಡಿ ಮಾಲೀಕ ಒಪ್ತಾನೇನೋ?" ಅಂತ ನಾನು ಶಂಕರನನ್ನು ಕೇಳಿದೆ. ಕೆಲಸದ ಜಾಗದಲ್ಲಿ ಬೇಡ ಅನ್ನುವ ಅಧಿಕಾರ ಮಾಲೀಕನಿಗಿದೆ. ಕೇಳಿಲ್ಲ ಅಂದ. ಹಾಗಾದರೆ ಪಿಸ್ತೂಲು ಕಳೆಯುವ ಕಾಲವೆಲ್ಲ ಮನೆಯಲ್ಲಿ, ಮಗಳ ಹತ್ತಿರ. ಈ ದೇಶದಲ್ಲಿ ಗುಂಡಿಗೆ ಸಾಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಕೈಯಾರೆ ಹೋದವರು ಅನ್ನೋದನ್ನೂ ಅವನಿಗೆ ಹೇಳಿದೆ. ರಾತ್ರಿ ಪಾಳಿ, ನಿದ್ದೆಗೇಡು, ಊರಿನಿಂದ ದೂರ, ಹೇಳಿಕೊಳ್ಳೋಕೆ ಯಾರೂ ಇಲ್ಲ: ಇಂಥ ಬದುಕಿನಲ್ಲಿ ಮನಸ್ಸು ಯಾವಾಗ ಕುಸಿಯುತ್ತದೋ ಗೊತ್ತಾಗುವುದಿಲ್ಲ. ಅವನು ಸಿಟ್ಟಾಗಲಿಲ್ಲ. "ಅತ್ತಿಗೆಗೂ ಹೇಳಿ ಅಣ್ಣ, ನಮ್ಮ ಮನೆಯವಳ ಹತ್ತಿರ ಒಂಚೂರು ಮಾತಾಡಲಿ. ಅವಳಿಗೆ ಬೇಡ ಅಂತಲೇ ಇದೆ" ಅಂದ.

ರಾನ್ ಕೊನೆಗೆ ಕೊಂಡುಕೊಳ್ಳಬೇಕಾದ ಸಾಮಾನುಗಳ ಕ್ರಮವನ್ನೇ ತಿರುವಿ ಹಾಕಿದರು. ಮೊದಲು ಬೀಗದ ಪೆಟ್ಟಿಗೆ, ಗೋಡೆಗೆ ಬೋಲ್ಟು ಹಾಕಿ ಕೂರಿಸುವಂಥದ್ದು. ಆಮೇಲೆ ಗುಂಡು. ಆಮೇಲೆ ಇನ್ನೊಂದು ಮ್ಯಾಗಜಿನ್. ಪಿಸ್ತೂಲು ಎಲ್ಲಕ್ಕಿಂತ ಕೊನೆಗೆ. ಅದಕ್ಕೂ ಮುಂಚೆ ತಮ್ಮ ಸಿ9 ತಂದು ರೇಂಜಿನಲ್ಲಿ ಅವನ ಕೈಗೆ ಕೊಡುತ್ತಾರಂತೆ. ನೂರು ಗುಂಡು ಅವನೇ ಹಾರಿಸಿ, ಎಷ್ಟು ಸಲ ನಿಂತಿತು ಅಂತ ಚೀಟಿಯಲ್ಲಿ ಬರೆದುಕೊಳ್ಳಬೇಕು. ಶನಿವಾರ ಬೆಳಿಗ್ಗೆ ಪಾಳಿ ಮುಗಿಸಿ ನೇರ ಬರಬೇಡ, ನಿದ್ದೆ ಮಾಡಿ ಮಧ್ಯಾಹ್ನ ಬಾ ಅಂದರು. ಗುಂಡಿನ ದುಡ್ಡು ನಾನು ಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ.