ಕೊಹಿನೂರ ಕಾಕಾ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿಗೆ ಅವರು ಬಂದು ನಾಲ್ಕು ವರ್ಷವಾಯಿತು. ಊರು ಬೀದರ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರ. ಊರಿನ ಹೆಸರು ಕೇಳಿದವರು ಒಮ್ಮೆ ಅವರ ಬೆರಳಿನ ಕಡೆ ನೋಡದೆ ಇರುವುದಿಲ್ಲ, ಉಂಗುರದಲ್ಲಿ ಹರಳೇನಾದರೂ ಇದ್ದೀತೆಂದು. ಬೆರಳಲ್ಲಿರುವುದು ಸ್ಟಾಂಪ್ ಪ್ಯಾಡಿನ ನೀಲಿ ಮಸಿ. ಸ್ವಂತ ಹೆಸರು ಬಿದ್ದುಹೋಗಿ ‘ಕೊಹಿನೂರ ಕಾಕಾ’ ಎಂಬುದೇ ಉಳಿಯಿತು. ಫ್ಲ್ಯಾಟು ಮಗನ ಹೆಸರಿನಲ್ಲಿದೆ, ಹೋರಾಟ ಅಪ್ಪನ ಹೆಸರಿನಲ್ಲಿ. ಇಂಥವರು ನಿಮ್ಮಲ್ಲೂ ಒಬ್ಬರಿದ್ದಾರೆ. ಊರು ಬೇರೆ ಇದ್ದೀತು, ಕಂಕುಳಲ್ಲಿನ ಫೈಲು ಅದೇ.

ಎಲ್ಲ ಶುರುವಾದದ್ದು ಒಂದು ಟ್ಯೂಬ್‌ಲೈಟಿನಿಂದ. ಎರಡನೇ ಬೇಸ್‌ಮೆಂಟಿನಲ್ಲಿ ಹದಿನಾಲ್ಕನೇ ಕಂಬದ ಬಳಿ ಅದು ಹಗಲೂ ರಾತ್ರಿ ಕಣ್ಣು ಮಿಟುಕಿಸುತ್ತಿತ್ತು. ಕಾಕಾ ಮೇಂಟೆನೆನ್ಸ್ ಕಂಪನಿಯ ಆ್ಯಪಿನಲ್ಲಿ ದೂರು ಹಾಕಿದರು. ಸಂಜೆಗೆ ‘ಪರಿಹರಿಸಲಾಗಿದೆ’ ಎಂಬ ಉತ್ತರ ಬಂತು. ಇಳಿದು ನೋಡಿದರೆ ಟ್ಯೂಬು ಕಣ್ಣು ಹೊಡೆಯಿತು. ಹೀಗೆ ಮೂರು ಸಲ.

“ಇದು ಟ್ಯೂಬ್‌ಲೈಟಿನ ಮಾತಲ್ರಿ, ಇಮಾನದಾರಿ ಮಾತು. ನಮ್ಮ ಕಡಿ ಯುಗಾದಿಗಿ ಆಳ ಬದ್ಲಿ ಮಾಡ್ತೀವಿ. ಛಲೋ ಇದ್ರ ಇಟ್ಕೋತೀವಿ, ಇಲ್ಲಂದ್ರ ಹಿಸಾಬ ಮುಗ್ಸಿ ಕಳಸ್ತೀವಿ. ನೀವ್ಯಾಕ ಈ ಕಂಪನಿಗಿ ಐದ ವರ್ಷದಿಂದ ಕಟ್ಕೊಂಡ ಕುಂತೀರಿ?”

ಯಾರಲ್ಲೂ ಉತ್ತರವಿರಲಿಲ್ಲ. ಸಭೆ ಕರೆಯಲಾಯಿತು.

ಅನುಭವ ಮಂಟಪದ ಕಲ್ಯಾಣ ಅವರದೇ ತಾಲ್ಲೂಕಾದ್ದರಿಂದ ಸಭೆ ಎಂದರೆ ಕಾಕಾಗೆ ಅದೇ ಅಳತೆ. “ಅಲ್ಲಮಪ್ರಭುಗಳು ಶೂನ್ಯ ಸಿಂಹಾಸನದ ಮ್ಯಾಲ ಕುಂತು ಸಭಾ ನಡ್ಸ್ಯಾರ” ಎಂದು ಪೀಠಿಕೆ ಹಾಕಿದರು. ನಮ್ಮ ಅಧ್ಯಕ್ಷರ ಸಿಂಹಾಸನವೂ ಶೂನ್ಯವೇ, ಅವರು ದುಬೈಯಲ್ಲಿದ್ದಾರೆ. ಬಂದವರು ಹನ್ನೊಂದು ಜನ. ನಮ್ಮ ಸಂಘ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ನೋಂದಣಿ ಆಗಬೇಕಿತ್ತೋ, 1960ರ ಸಂಘಗಳ ನೋಂದಣಿ ಕಾಯ್ದೆಯಡಿಯೋ ಎಂದು ಇಬ್ಬರು ವಕೀಲರು ಹತ್ತಿಕೊಂಡರು. ಆ ಗದ್ದಲದಲ್ಲಿ ಕಂಪನಿಯ ಸುದ್ದಿಯೇ ಬರಲಿಲ್ಲ. ಮುಂದಿನ ಸಭೆಗೆ ಕಾಕಾ ಮನೆಯಿಂದಲೇ ಸುಸಲಾ, ಮಿರ್ಚಿ ಭಜಿ ಮಾಡಿಸಿ ತಂದರು. ಕೋರಂ ತುಂಬಿ, ಹೊರಗೆ ನಿಂತವರಿಗೂ ಪ್ಲೇಟು ಹೋಯಿತು. ಕಂಪನಿ ಬದಲಿಸುವ ಠರಾವು ಬಾಯಿ ತುಂಬಿದ ಒಪ್ಪಿಗೆಯಿಂದ ಪಾಸಾಯಿತು.

ಹೊಸ ಕಂಪನಿಗಳು ಮೂರು ಬಂದವು. ಮೂರೂ ಕಡೆಯವರು ಕೋಟು ತೊಟ್ಟಿದ್ದರು, ಗೋಡೆಯ ಮೇಲೆ ಚಿತ್ರ ತೋರಿಸಿದರು. ನಾವು ಒಟ್ಟು ಮೊತ್ತ ಎಷ್ಟು, ಅದರ ಮೇಲೆ 18% ಜಿಎಸ್‌ಟಿ ಎಷ್ಟು ಎಂದು ಲೆಕ್ಕ ಹಾಕುತ್ತ ಕೂತಿದ್ದೆವು. ಕಾಕಾ ಮಾತ್ರ ಕನ್ನಡಕ ಹಣೆಗೇರಿಸಿ ಒಂದೇ ಪ್ರಶ್ನೆ ಕೇಳಿದರು: “ಪಿಎಫ್ ಚಲನ್ ಎಲ್ಲಿ ಅದ?” ಕೋಟುಗಳು ಒಂದರ ಮುಖ ಒಂದು ನೋಡಿಕೊಂಡವು. ಆ ಹೊತ್ತಿಗೆ ನಾವು ನಕ್ಕೆವು. ನಗಬಾರದಿತ್ತು. ಕೆಲಸದವರ ಪಿಎಫ್‌ಗೆ 12%, ಇಎಸ್‌ಐಗೆ 3.25% ಎಂದು ಮಾಲೀಕನ ಪಾಲನ್ನು ಕಂಪನಿ ನಮ್ಮ ಬಿಲ್ಲಿಗೇ ಹಾಕುತ್ತದೆ. ಅದು ಅವರ ಖಾತೆಗೆ ಬಿತ್ತೇ ಎಂದು ಐದು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಗುತ್ತಿಗೆದಾರ ಕಟ್ಟದಿದ್ದರೆ ಕಾನೂನು ಬಂದು ತಟ್ಟುವುದು ನಮ್ಮ ಬಾಗಿಲನ್ನೇ. ಚಲನ್ ತೋರಿಸಿದ ಒಂದೇ ಕಂಪನಿಗೆ ಕೆಲಸ ಸಿಕ್ಕಿತು.

ಹಳೆಯವರು ಹೋಗುವ ದಿನ ಆಸ್ತಿ ಹಸ್ತಾಂತರ ಎಂದು ಒಂದು ಗೋಣಿಚೀಲ ತಂದು ಕ್ಲಬ್‌ಹೌಸಿನ ಟೇಬಲ್ಲಿನ ಮೇಲೆ ಸುರಿದರು. ಬೀಗದ ಕೈಗಳು. ಒಂದಕ್ಕೂ ಚೀಟಿಯಿಲ್ಲ. ಕಾಕಾ ಎರಡು ದಿನ ಆ ರಾಶಿಯ ಮುಂದೆ ಕೂತು ತೊಗರಿ ಹಸನು ಮಾಡುವವರಂತೆ ಆರಿಸಿದರು. ಪಂಪ್ ಹೌಸಿನ ಕೈ ಕಡೆಗೂ ಸಿಗಲಿಲ್ಲ, ಬೀಗ ಒಡೆಸಿದ್ದಾಯಿತು. ಕೊಳಚೆ ನೀರಿನ ಘಟಕದ ಯಾವ ವಾಲ್ವು ಯಾವಾಗ ತಿರುಗಿಸಬೇಕೆಂಬ ವಿದ್ಯೆ ಹಳೆಯ ಆಪರೇಟರನ ತಲೆಯಲ್ಲಿತ್ತು, ಆತ ತಲೆ ಸಮೇತ ಹೋಗಿದ್ದ. ಮೂರು ದಿನ ಇಡೀ ಕಟ್ಟಡ ಮೂಗು ಮುಚ್ಚಿಕೊಂಡು ಹೊಸ ಯುಗವನ್ನು ಸ್ವಾಗತಿಸಿತು.

ಒಂದನೇ ತಾರೀಖು ಬೆಳಿಗ್ಗೆ ಹೊಸ ಸಿಬ್ಬಂದಿಯನ್ನು ನೋಡಲು ಕಾಕಾ ಇಸ್ತ್ರಿ ಅಂಗಿ ತೊಟ್ಟು ಗೇಟಿಗೆ ಇಳಿದರು. ನೀಲಿ ಅಂಗಿಯ ವಾಚ್‌ಮನ್ನು ಬೂದು ಅಂಗಿಯಲ್ಲಿ ಸಲಾಮು ಹೊಡೆದ. ಅದೇ ಮೀಸೆ. ಕಸ ಗುಡಿಸುವ ಹುಮನಾಬಾದ ಕಡೆಯ ಹೆಣ್ಣುಮಗಳು ಹೊಸ ಏಪ್ರನ್ನಿನಲ್ಲಿ ಅದೇ ಪೊರಕೆ ಹಿಡಿದು ನಿಂತಿದ್ದಳು.

“ಏನವ್ವಾ, ನೀ ಹೋಗಿಲ್ಲಾ?”

“ಎಲ್ಲಿಗಿ ಹೋಗ್ಲಿ ಕಾಕಾ? ಕಂಪನಿ ಹೋಗ್ಯಾದ, ನಾವ್ ಇಲ್ಲೇ ಇದ್ದೀವಿ. ಅಂಗಿ ಅಷ್ಟೇ ಬದ್ಲಿ.”

ಆ ಇನ್ನೊಂದು ಕೊಹಿನೂರಿನ ಹಣೆಬರಹವೂ ಇದೇ. 1739ರಲ್ಲಿ ನಾದಿರ್ ಶಾ ಹೊತ್ತೊಯ್ದ, 1813ರಲ್ಲಿ ರಣಜಿತ್ ಸಿಂಗನ ಕೈಗೆ ಬಂತು, 1849ರಲ್ಲಿ ಇಂಗ್ಲಿಷರ ಪಾಲಾಯಿತು. ಹೊಳಪು ಸಾಲದೆಂದು ಅವರು 1852ರಲ್ಲಿ ಸಾಣೆ ಹಿಡಿಸಿದಾಗ 186 ಕ್ಯಾರಟ್ ಇದ್ದದ್ದು 105ಕ್ಕೆ ಇಳಿಯಿತು. ನಮ್ಮಲ್ಲೂ ಹದಿನಾಲ್ಕು ಜನ ಕೆಲಸದವರು ಹನ್ನೊಂದಾದರು. ಹೊಸ ಮ್ಯಾನೇಜರು ಅದನ್ನು ‘ದಕ್ಷತೆ’ ಎಂದರು. ಕಾಕಾ ಆ ಮಾತನ್ನೂ ಫೈಲಿನಲ್ಲಿ ಬರೆದುಕೊಂಡಿದ್ದಾರೆ. ಗುತ್ತಿಗೆ ಹನ್ನೊಂದು ತಿಂಗಳದ್ದು. ಯುಗಾದಿ ಹತ್ತಿರವೇ ಇದೆ.

ಕಳೆದ ವಾರ ಆ ಹೆಣ್ಣುಮಗಳು ಮೊಬೈಲು ಹಿಡಿದು ಕಾಕಾರ ಬಾಗಿಲಿಗೆ ಬಂದಿದ್ದಳು. ಇಂಗ್ಲಿಷಿನಲ್ಲಿ ಮೆಸೇಜು ಬಂದಿತ್ತು. ಕಾಕಾ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. ಪಿಎಫ್ ಖಾತೆಗೆ ದುಡ್ಡು ಬಿದ್ದಿತ್ತು. ಐದು ವರ್ಷದಲ್ಲಿ ಅವಳಿಗೆ ಬಂದ ಮೊದಲ ಮೆಸೇಜು ಅದು.

ಹದಿನಾಲ್ಕನೇ ಕಂಬದ ಟ್ಯೂಬ್‌ಲೈಟು ಇನ್ನೂ ಮಿಟುಕಿಸುತ್ತಿದೆ.