ಸಗೋತ್ರದ ಬ್ರೌಸರುಗಳು

ಹನುಮಂತನಗರದಲ್ಲಿ ಗುಟ್ಟು ಅಂದರೆ ಎದುರುಮನೆಗೆ ಇನ್ನೂ ತಲುಪದ ಸುದ್ದಿ, ಅಷ್ಟೇ. ನಮ್ಮನೆ ಒಗ್ಗರಣೆಗೆ ಇಂಗು ಬಿತ್ತೋ ಬೆಳ್ಳುಳ್ಳಿ ಬಿತ್ತೋ ಮೂರು ಮನೆಯಾಚೆಗೂ ಗೊತ್ತು. ಇಂಥ ಬೀದಿಯಲ್ಲಿ ನಲವತ್ತು ವರ್ಷ ಬಾಳಿದ ನನಗೆ ಕಳೆದ ತಿಂಗಳು ಖಾಸಗಿತನದ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಒಂದೇ ಒಂದು ಸಲ ಮಂಡಿನೋವಿನ ಎಣ್ಣೆ ಹುಡುಕಿದೆ, ನೋಡಿ. ಆಮೇಲೆ ಪಂಚಾಂಗ ತೆರೆದರೂ ಎಣ್ಣೆ, ಕ್ರಿಕೆಟ್ ಸ್ಕೋರ್ ತೆರೆದರೂ ಎಣ್ಣೆ!

"ಕುಕ್ಕಿ ಅನ್ನೋ ಚೀಟಿ ಅಂಟಿಸಿದ್ದಾರೆ ತಾತಾ. ಅದನ್ನ ಓದೋ ಜಾಹೀರಾತಿನವರು ಎಲ್ಲ ಅಂಗಡಿಯಲ್ಲೂ ಕೂತಿರ್ತಾರೆ. ಬ್ರೌಸರ್ ಬದಲಾಯಿಸು" ಅಂದಳು ಮೊಮ್ಮಗಳು.

"ಇನ್‌ಕಾಗ್ನಿಟೋ ಇದೆಯಲ್ಲೇ?" ಅಂದೆ. ನಕ್ಕಳು. ಅದು ನಮ್ಮ ಫೋನಿನಲ್ಲಿ ಮಾತ್ರ ಹೆಜ್ಜೆ ಗುರುತು ಉಳಿಸಲ್ಲವಂತೆ. ತಟ್ಟನೆ ಅರ್ಥವಾಯಿತು: ಏಕಾದಶಿ ದಿನ ಗಾಂಧಿ ಬಜಾರಿನಲ್ಲಿ ಈರುಳ್ಳಿ ದೋಸೆ ತಿಂದು ಬಾಯಿ ಒರೆಸಿಕೊಂಡು ಬಂದ ಹಾಗೆ. ಮನೆಯಾಕೆಗೆ ಗೊತ್ತಾಗಲ್ಲ, ಮಾಣಿಗೆ ಗೊತ್ತು, ಕ್ಯಾಷಿಯರಿಗೆ ಗೊತ್ತು, ಕೂರಿಸಿಕೊಂಡು ಹೋದ ಆಟೋದವನಿಗೂ ಗೊತ್ತು. (ನಾನಲ್ಲ, ಉದಾಹರಣೆಗೆ ಹೇಳಿದೆ.)

ಸರಿ, ವರಾನ್ವೇಷಣೆಗೆ ಇಳಿದೆ. ಕ್ರೋಮ್, ಎಡ್ಜ್, ಒಪೆರಾ, ಬ್ರೇವ್: ಹೆಸರು ನಾಲ್ಕು, ಜಾತಕ ಬಿಚ್ಚಿದರೆ ನಾಲ್ಕೂ ಕ್ರೋಮಿಯಂ ಗೋತ್ರ! ಅವರಲ್ಲಿ ಬ್ರೇವ್ ಪರವಾಗಿಲ್ಲ, ಬೆನ್ನುಹತ್ತುವವರನ್ನು ಹೊಸಲಲ್ಲೇ ತಡೀತಾನೆ. ಆದರೆ ಪಕ್ಕದಲ್ಲಿ ತನ್ನದೇ ಜಾಹೀರಾತು, ಕ್ರಿಪ್ಟೋ ವ್ಯವಹಾರ ಇಟ್ಟುಕೊಂಡಿದ್ದಾನೆ. ಫೈರ್‌ಫಾಕ್ಸ್ ಬೇರೆ ಗೋತ್ರ, ಕನ್ನಡವೂ ಬರುತ್ತೆ. ಊನ ಇಷ್ಟೇ: ಗೂಗಲ್ ಹುಡುಕಾಟವನ್ನು ಮೊದಲಿಟ್ಟಿದ್ದಕ್ಕೆ ಅವರು ಕೊಡೋ ದುಡ್ಡಿನಿಂದಲೇ ಸಂಸಾರದ ಬಹುಪಾಲು ನಡೀಬೇಕು. ಟಾರ್ ಮಹಾ ಗುಟ್ಟಿನವ. ಈರುಳ್ಳಿ ಥರ ಪದರ ಪದರ ಸುತ್ತಿ, ಮೂರು ಕೈ ದಾಟಿಸಿ ವಿಳಾಸ ಮರೆಸ್ತಾನೆ. ಆದರೆ ಗಾಂಧಿ ಬಜಾರಿಗೆ ಯಶವಂತಪುರ, ಹೆಬ್ಬಾಳ, ಕೆ.ಆರ್. ಪುರದ ಮೇಲೆ ಹೋದ ಹಾಗೆ. ಒಂದು ಕಟ್ಟು ಕೊತ್ತಂಬರಿಗೆ ಅಷ್ಟು ಸುತ್ತೇಕೆ?

ರಾಮಾಂಜನೇಯ ಗುಡ್ಡದ ಬೆಂಚಿನ ಗೆಳೆಯರು ಕಿಚಾಯಿಸಿದರು: "ಈ ವಯಸ್ಸಲ್ಲಿ ಮುಚ್ಚಿಡೋಕೆ ನಿಮ್ಮ ಹತ್ರ ಏನಿದೆ ರಾಯರೇ?"

"ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ ಅವರಿಗೆ 86! ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಮಂಡಿ ನನ್ನದು, ಯಾರಿಗೆ ಹೇಳಬೇಕು ಅನ್ನೋದೂ ನನ್ನದೇ" ಅಂದೆ. ಬೆಂಚು ತೆಪ್ಪಗಾಯಿತು.

ಕೊನೆಗೆ ಫೈರ್‌ಫಾಕ್ಸನ್ನೇ ಮನೆತುಂಬಿಸಿಕೊಂಡೆ. ಯುಬ್ಲಾಕ್ ಒರಿಜಿನ್ ಅನ್ನೋ ಕಾವಲುಗಾರನನ್ನು ಬಾಗಿಲಿಗಿಟ್ಟೆ. ಎಣ್ಣೆ ನಿಂತಿತು. ಗೆದ್ದೆ ಅಂತ ಕಾಲು ಚಾಚುವಷ್ಟರಲ್ಲಿ ಅಡುಗೆಮನೆಯಿಂದ ದನಿ: "ರೀ, ಏಕಾದಶಿ ದಿನ ದೋಸೆ ಗರಿಗರಿಯಾಗಿತ್ತಾ?"

ಆದ್ದರಿಂದ, ಬ್ರೌಸರ್ ಖಂಡಿತ ಬದಲಾಯಿಸಿ. ಆಟೋ ಮಾತ್ರ ಬೇರೆ ಕ್ರಾಸಿನದು ಹಿಡಿಯಿರಿ.