ಕಾಲಿದ್ದಷ್ಟು ಕೊಳವೆ

ಹೊಸ ತಿಪ್ಪಸಂದ್ರದಲ್ಲಿ ಬಾಡಿಗೆ ಮನೆ ಹುಡುಕುವವರು ಕಾವೇರಿ ನೀರು ಬರುತ್ತದಾ, ಬೈಕಿಗೆ ಜಾಗ ಇದೆಯಾ, ಬಾಗಿಲು ಯಾವ ದಿಕ್ಕಿಗೆ ಎಂದೆಲ್ಲ ವಿಚಾರಿಸುತ್ತಾರೆ. ನನ್ನಂಥವರ ಮೊದಲ ಪ್ರಶ್ನೆ ತಾರಸಿಯದು: ಉತ್ತರಕ್ಕೆ, ದಿಗಂತದಿಂದ 13 ಡಿಗ್ರಿ ಮೇಲೆ, ಏನಾದರೂ ಅಡ್ಡ ಇದೆಯಾ? ಮಾಲೀಕರು ಇದನ್ನು ಯಾವುದೋ ಹೊಸ ವಾಸ್ತು ಎಂದುಕೊಂಡು, "ಉತ್ತರ ಕುಬೇರನ ದಿಕ್ಕು ಸಾರ್, ಏನೂ ತೊಂದರೆ ಇಲ್ಲ" ಎನ್ನುತ್ತಾರೆ. ಕುಬೇರನಿಗೆ ತೊಂದರೆ ಇರಲಿಕ್ಕಿಲ್ಲ. ನನಗೆ ಬೇಕಾದವನು ಧ್ರುವ. ಅವನಿಗೆ ಅಡ್ಡವಾಗಿ ಪಕ್ಕದ ಕಟ್ಟಡದ ನೀರಿನ ಟ್ಯಾಂಕು ಕೂತಿರುತ್ತದೆ.

ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ, ಹಾಗಾಗಿ ಇಲ್ಲಿ ಧ್ರುವನೂ ಅಷ್ಟೇ ಎತ್ತರ. ಟೆಲಿಸ್ಕೋಪ್ ಹೊರುವ ಮೌಂಟಿನ ಒಂದು ಅಕ್ಷವನ್ನು ಅವನ ಕಡೆಗೆ ಸರಿಯಾಗಿ ನಿಲ್ಲಿಸಿ, 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತಿನ ಲೆಕ್ಕದಲ್ಲಿ ಮೋಟಾರು ಓಡಿಸಿದರೆ ಕ್ಯಾಮೆರಾ ಆಕಾಶದ ಜೊತೆಗೇ ಹೊರಳುತ್ತದೆ. ಮದುವೆ ಛತ್ರದಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಅರುಂಧತಿಯನ್ನು ತೋರಿಸುತ್ತಾರೆ, ಹುಡುಗ ಹುಡುಗಿ ಇಬ್ಬರೂ ಕಂಡಿತು ಎಂದು ತಲೆಯಾಡಿಸುತ್ತಾರೆ. ಮೌಂಟಿಗೆ ಅಂಥ ದಾಕ್ಷಿಣ್ಯ ಇಲ್ಲ, ಧ್ರುವ ನಿಜಕ್ಕೂ ಕಾಣಬೇಕು. ಅದರ ಮೇಲೆ ಈ ಮೌಂಟುಗಳ ವಿನ್ಯಾಸ ಯುರೋಪಿನ ಕಡೆಯದು. ಅಲ್ಲಿ ಧ್ರುವ 50 ಡಿಗ್ರಿ ಮೇಲಿರುವುದರಿಂದ ಅಕ್ಷ ಎದ್ದು ನಿಲ್ಲುತ್ತದೆ. ಇಲ್ಲಿ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಎತ್ತರದ ತಿರುಪು ತಳ ಕಾಣುತ್ತದೆ, ಸಮತೂಕದ ಕಬ್ಬಿಣದ ಗುಂಡು ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ.

ಆದರೂ ಟೆಲಿಸ್ಕೋಪ್ ಕೊಳ್ಳಹೊರಟವರು ಯಾರೂ ಕಾಲಿನ ಮಾತೆತ್ತುವುದಿಲ್ಲ. ನಮ್ಮ ಬೀದಿಯ ಸಾಫ್ಟ್‌ವೇರ್ ಹುಡುಗನೊಬ್ಬ ಮಾರ್ಕೆಟ್ ರಸ್ತೆಯಲ್ಲಿ ಸೊಪ್ಪಿನ ಗಾಡಿಯ ಪಕ್ಕ ನನ್ನನ್ನು ಹಿಡಿದು, "ಅಂಕಲ್, 2000 ಎಂಎಂ ಫೋಕಲ್ ಲೆಂತ್ ತಗೊಂಡ್ರೆ ಗ್ಯಾಲಕ್ಸಿ ಚೆನ್ನಾಗಿ ಹತ್ತಿರ ಬರುತ್ತಲ್ವಾ?" ಎಂದ. ಬರುತ್ತದಪ್ಪ, ಅದರ ಜೊತೆಗೆ ಮೌಂಟಿನ ಐಬೆಲ್ಲ ಅಷ್ಟೇ ಹತ್ತಿರ ಬರುತ್ತದೆ ಎಂದೆ. ಕೊತ್ತಂಬರಿ ಕಟ್ಟು ಹಿಡಿದುಕೊಂಡು ಮುಂದಿನ ಲೆಕ್ಕ ಹೇಳುವುದು ಕಷ್ಟವಾಗಿ ಮನೆಗೆ ಬಾ ಎಂದೆ.

ಮನೆಯಲ್ಲಿ ಲೆಕ್ಕ ಹೇಳಿದ್ದು ನಾನಲ್ಲ, ಕೆಳಗಿನ ಮನೆಯ ರಾಯರು. ಎಚ್ಎಎಲ್ ಟೂಲ್ ರೂಮಿನಲ್ಲಿ ನಿವೃತ್ತಿಯವರೆಗೆ ದುಡಿದವರು. ನಕ್ಷತ್ರದಲ್ಲಿ ಅವರಿಗೆ ಆಸಕ್ತಿ ಕಮ್ಮಿ, ಗೇರಿನಲ್ಲಿ ಜಾಸ್ತಿ. ಮೌಂಟಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕನ್ನಡಕ ಹಣೆಗೇರಿಸಿ, ಅಕ್ಷವನ್ನು ಎರಡು ಬೆರಳಲ್ಲಿ ಹಿಡಿದು ಇಷ್ಟೇ ಇಷ್ಟು ಅತ್ತಿತ್ತ ಆಡಿಸಿದರು. ಒಳಗೆ 'ಟಿಕ್' ಎಂದಿತು. "ಬ್ಯಾಕ್‌ಲ್ಯಾಶ್ ಇದೆ, ಹಲ್ಲು ಸಡಿಲ" ಎಂದರು, ಡಾಕ್ಟರು ಶುಗರ್ ಇದೆ ಎನ್ನುವ ದನಿಯಲ್ಲಿ. "ಚಕ್ರಕ್ಕೆ ಎಷ್ಟು ಹಲ್ಲು?" 180 ಎಂದೆ. "ಹಾಗಾದ್ರೆ ಅದನ್ನ ತಿರುಗಿಸೋ ವರ್ಮ್ ತಿರುಪು ಎಂಟು ನಿಮಿಷಕ್ಕೊಂದು ಸುತ್ತು. ಅದರ ಕಡೆತದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಎಂಟೆಂಟು ನಿಮಿಷಕ್ಕೆ ನಿಮ್ಮ ನಕ್ಷತ್ರ ಒಂದ್ಸಲ ಮುಂದೆ, ಒಂದ್ಸಲ ಹಿಂದೆ."

ಆ ಮುಂದೆ ಹಿಂದೆ 20 ವಿಕಲೆ ಎಂದಿಟ್ಟುಕೊಳ್ಳಿ. ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ವಿಕಲೆ. ಈಗಿನ ಕ್ಯಾಮೆರಾಗಳಲ್ಲಿ ಒಂದು ಪಿಕ್ಸೆಲ್ ಸಾಮಾನ್ಯವಾಗಿ 3.76 ಮೈಕ್ರಾನ್ ಇರುತ್ತದೆ. ಅದನ್ನು 206ರಿಂದ ಗುಣಿಸಿ, ಫೋಕಲ್ ಲೆಂತಿನ ಮಿಲಿಮೀಟರಿನಿಂದ ಭಾಗಿಸಿದರೆ ಒಂದು ಪಿಕ್ಸೆಲ್ಲಿಗೆ ಎಷ್ಟು ವಿಕಲೆ ಎಂದು ಸಿಗುತ್ತದೆ. 50 ಎಂಎಂ ಲೆನ್ಸಿನಲ್ಲಿ 15 ವಿಕಲೆಗೂ ತುಸು ಹೆಚ್ಚು. ಮೌಂಟಿನ ತಪ್ಪು ಒಂದೆರಡು ಪಿಕ್ಸೆಲ್ಲಿನಲ್ಲಿ ಮುಚ್ಚಿಹೋಗುತ್ತದೆ. 400ರಲ್ಲಿ ಸುಮಾರು 2 ವಿಕಲೆ. ನಕ್ಷತ್ರ 10 ಪಿಕ್ಸೆಲ್ ಎಳೆದುಕೊಂಡು ಅಕ್ಕಿಕಾಳಾಗುತ್ತದೆ. 2000ದಲ್ಲಿ 0.4 ವಿಕಲೆಯೂ ಇಲ್ಲ. ಅದೇ ಮೌಂಟು, ಅದೇ ತಪ್ಪು, 50 ಪಿಕ್ಸೆಲ್ಲಿನ ಗೀರು. ಇದಕ್ಕೆ ಮದ್ದಿಲ್ಲ ಎಂದಲ್ಲ. ಇನ್ನೊಂದು ಪುಟ್ಟ ಕ್ಯಾಮೆರಾ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು ಕ್ಷಣಕ್ಷಣಕ್ಕೂ ಮೋಟಾರನ್ನು ತಿದ್ದುತ್ತಿರುತ್ತದೆ, ಗೈಡಿಂಗ್ ಎನ್ನುತ್ತಾರೆ. ರಾಯರಿಗೆ ಅದು ಹಿಡಿಸಲಿಲ್ಲ. "ತಿದ್ದೋದು ಸರಿ. ಗಾಳಿ ಬೀಸಿದಾಗ ಉದ್ದನೆ ಕೊಳವೆ ಅಲ್ಲಾಡಿದ್ರೆ ಏನು ತಿದ್ತೀರಿ?" ಎಂದರು. ತಯಾರಕರು 20 ಕಿಲೊ ಹೊರುತ್ತದೆ ಎಂದು ಬರೆದಿದ್ದರೆ ಫೋಟೊಗೆ 10 ಕಿಲೊ ಸಾಕು ಎಂಬ ಹವ್ಯಾಸಿಗಳ ಕಟ್ಟಳೆ ಕೇಳಿ ಮಾತ್ರ ಅವರ ಮುಖ ಅರಳಿತು.

ನಿಜ ಹೇಳಬೇಕೆಂದರೆ ಹುಡುಗನಿಗೆ 2000 ಎಂಎಂ ಬೇಕಾಗಿಯೇ ಇರಲಿಲ್ಲ. ಅವನು ಕನಸು ಕಾಣುತ್ತಿದ್ದ ಆಂಡ್ರೊಮೀಡಾ ಗ್ಯಾಲಕ್ಸಿ ಆಕಾಶದಲ್ಲಿ ಸುಮಾರು 3 ಡಿಗ್ರಿ ಅಗಲ, ಸಾಲಾಗಿ ಆರು ಹುಣ್ಣಿಮೆ ಚಂದ್ರರನ್ನಿಟ್ಟಷ್ಟು. ಮಾಮೂಲಿ ಕ್ಯಾಮೆರಾ ಹಾಕಿದರೆ 400 ಎಂಎಂ ಕೊಳವೆಯಲ್ಲಿ ಅದು ಪೂರ್ತಿ ಹಿಡಿಸುತ್ತದೆ. 2000ದಲ್ಲಿ ಅದರ ಹೊಟ್ಟೆಯಷ್ಟೇ ಬರುತ್ತದೆ. ಗುರು, ಶನಿಗಳ ಮಾತು ಬೇರೆ. ಅವಕ್ಕೆ ಉದ್ದನೆ ಕೊಳವೆಯೇ ಬೇಕು, ಆದರೆ ಸೆಕೆಂಡಿನ ಸಣ್ಣ ಪಾಲಿನ ಸಾವಿರಾರು ಚಿತ್ರ ತೆಗೆದು ಒಳ್ಳೆಯದನ್ನು ಆರಿಸಿಕೊಳ್ಳುವುದರಿಂದ ಮೌಂಟು ತುಸು ತಡವರಿಸಿದರೂ ನಡೆಯುತ್ತದೆ.

ಉದ್ದ ಬೇಕೇ ಬೇಕು ಎನ್ನುವವರು ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿಗೆ ಹೋಗಿ ನೋಡಬೇಕು. ಅಲ್ಲಿಯ 2.34 ಮೀಟರ್ ಟೆಲಿಸ್ಕೋಪಿನ ಕನ್ನಡಿಯನ್ನು ಉಜ್ಜಿ ನಯಗೊಳಿಸಿದ್ದು ನಮ್ಮ ಬೆಂಗಳೂರಿನಲ್ಲೇ, ಭಾರತೀಯ ಖಭೌತ ಸಂಸ್ಥೆಯಲ್ಲಿ. ಮುಖ್ಯ ಫೋಕಸ್ಸಿನಲ್ಲೇ ಅದರ ಫೋಕಲ್ ಲೆಂತ್ 7600 ಎಂಎಂ ದಾಟುತ್ತದೆ. ಅದನ್ನು ಹೊರುವ ಕುದುರೆಲಾಳದ ಮೌಂಟು ಮಾಡಿಕೊಟ್ಟವರು ಸಕ್ಕರೆ ಕಾರ್ಖಾನೆಗಳ ಯಂತ್ರ ಮಾಡುವ ವಾಲ್‌ಚಂದ್‌ನಗರದವರು. 1986ರ ಜನವರಿಯಲ್ಲಿ ಆ ಟೆಲಿಸ್ಕೋಪಿಗೆ ಖಗೋಳ ವಿಜ್ಞಾನಿ ವೈನು ಬಪ್ಪು ಹೆಸರಿಟ್ಟರು. ವಾಲ್‌ಚಂದ್‌ನಗರದ ಹೆಸರು ಕೇಳಿ ರಾಯರು ನೆಟ್ಟಗೆ ಕೂತರು: "ಯಾವ ವಾಲ್‌ಚಂದ್? ನಮ್ಮ ಎಚ್ಎಎಲ್ ಫ್ಯಾಕ್ಟರಿ ಶುರು ಮಾಡಿದೋರಾ?" ಅವರೇ, ವಾಲ್‌ಚಂದ್ ಹೀರಾಚಂದ್, 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ. ಅಂದಿನಿಂದ ಖಗೋಳ ಶಾಸ್ತ್ರದ ಬಗ್ಗೆ ರಾಯರಿಗೆ ಗೌರವ ಬಂದಿದೆ.

ನಮ್ಮ ಹಳೇ ಮದ್ರಾಸ್ ರಸ್ತೆಯಲ್ಲೇ ಕೆ.ಆರ್. ಪುರ ದಾಟಿ ಹೊಸಕೋಟೆಗೆ ಹೋದರೆ ಇದೇ ಖಭೌತ ಸಂಸ್ಥೆಯವರು ಕೋಣೆಯಲ್ಲಿ ಕೂತು ಲಡಾಖಿನ ಹಾನ್ಲೆಯ ಟೆಲಿಸ್ಕೋಪನ್ನು ಉಪಗ್ರಹದ ಮೂಲಕ ನಡೆಸುತ್ತಾರೆ. 2 ಮೀಟರ್ ಕನ್ನಡಿಯ ಅದಕ್ಕೆ ಧ್ರುವನ ಹಂಗೇ ಇಲ್ಲ. ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಕಂಪ್ಯೂಟರ್ ಹೇಳಿದಂತೆ ಹೊರಳುತ್ತದೆ. ಹಾಗೆ ಮಾಡಿದರೆ ಚಿತ್ರ ತಿರುಗುತ್ತದೆಂದು ಉಪಕರಣವನ್ನೂ ಜೊತೆಗೆ ತಿರುಗಿಸುತ್ತಾರೆ. ನೀರಿನ ಟ್ಯಾಂಕಿನ ಕಾಟ ಇರುವವರಿಗೆ ಇದಲ್ಲವೇ ಸುಖ ಎನ್ನಿಸುವುದುಂಟು.

ನನ್ನದು 400 ಎಂಎಂನ ಗಿಡ್ಡ ಕೊಳವೆ, ಅದರ ಕೆಳಗೆ ಅದರ ಐದು ಪಟ್ಟು ತೂಗುವ ಮೌಂಟು. ಮೌಂಟಿನ ತಲೆಯೊಂದೇ 17 ಕಿಲೊ, ಲಿಫ್ಟ್ ಇಲ್ಲದ ಮೂರು ಮಹಡಿ. ಬಿಲ್ಲು ನೋಡಿದ ಹೆಂಡತಿ, "ಟೆಲಿಸ್ಕೋಪಿಗಿಂತ ಸ್ಟ್ಯಾಂಡಿಗೇ ಜಾಸ್ತಿ ಕೊಟ್ಟಿದ್ದೀರಲ್ಲ" ಎಂದಳು. ಜೊತೆಗೆ ಬಂದ 5 ಕಿಲೊದ ಎರಡು ಗುಂಡುಗಳಲ್ಲಿ ಇಷ್ಟು ಹಗುರ ಕೊಳವೆಗೆ ಒಂದೇ ಸಾಕು. ಇನ್ನೊಂದು ಈ ಸಲ ಅಡುಗೆಮನೆಯಲ್ಲಿದೆ, ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿ ಮೇಲೇಳದ ಹಾಗೆ ಭರಣಿಯ ತಟ್ಟೆಯ ಮೇಲೆ. ಹುಡುಗ 2000ದ್ದನ್ನೇ ಕೊಂಡರೆ ಆ ಗುಂಡು ಕೇಳಿಯಾನು ಎಂದು ಹೇಳಿದ್ದಕ್ಕೆ, ಮಿಡಿ ಇಳಿಯುವವರೆಗೆ ಯಾರಿಗೂ ಕೊಡುವುದಿಲ್ಲ ಎಂದಿದ್ದಾಳೆ.